ಕಿತ್ತಳೆ ಬಾವುಟ

"ಬಾವುಟ ಮೇಲಿತ್ತಾ ಮೇಡಂ?" ಎಂದು ದಡದಲ್ಲಿ ನಿಂತ ಪೊಲೀಸಿನವನು ಮತ್ತೊಮ್ಮೆ ಕೇಳಿದ. ಮಾರ್ಲಿಸ್ ದೋಣಿಯ ಹಿಂದಿನ ಸೀಟಿನಲ್ಲಿ ಕೂತೇ ಇದ್ದಳು. ಮೈದುನ ರೋರಿಯನ್ನು ಆಂಬುಲೆನ್ಸ್ ಒಯ್ದು ಅರ್ಧ ಗಂಟೆಯಾಗಿತ್ತು. ಇಳಿದು ಬಾ ಎಂದು ಮೂರು ಸಲ ಕರೆದರೂ ಅವಳು ಎದ್ದಿರಲಿಲ್ಲ. ಕಾಲಲ್ಲಿ ಬಲವಿಲ್ಲವೆಂದು ಎಲ್ಲರೂ ಅಂದುಕೊಂಡರು.

"ಇಲ್ದೆ ಏನು ಸಾರ್," ಎಂದ, ದೋಣಿ ನಡೆಸುತ್ತಿದ್ದ ಗಂಡ ವರ್ನ್. "ದೋಣಿ ಹಿಂದೆ ಹಗ್ಗ ಹಿಡ್ಕೊಂಡು ನೀರ ಮೇಲೆ ಸ್ಕೀ ಮಾಡೋನು ಬಿದ್ದ ಅಂದ್ರೆ ಇವಳ ಕೈಯಲ್ಲಿ ಬಾವುಟ ಎದ್ದೇ ಇರತ್ತೆ, ಬೇರೆ ದೋಣಿಯೋರು ದೂರ ಇರ್ಲಿ ಅಂತ. ಇಪ್ಪತ್ತು ಬೇಸಿಗೆಯಲ್ಲಿ ಒಂದ್ಸಲಾನೂ ತಪ್ಪಿದೋಳಲ್ಲ. ಕಣ್ಣು ಕಾಣ್ದೋರು ಮನೇಲಿ ಟೀವಿ ನೋಡ್ಬೇಕು, ಮೀನು ಹಿಡಿಯೋಕೆ ಬರಬಾರ್ದು."

ಪಕ್ಕದ ಮನೆಯ ಮುದುಕ ಹಾಲ್ವರ್ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ರೋರಿಯ ಕಾಲ ಮೇಲೆ ಹಾದದ್ದು ಅವನ ದೋಣಿ. "ಅವ್ಳು ಕೈ ಎತ್ತಿದ್ದು ಕಾಣಿಸ್ತು. ಬಾವುಟ ಕಾಣ್ಲಿಲ್ಲ. ಬಿಸಿಲು ಕಣ್ಣಿಗೆ ಹೊಡೀತಿತ್ತು. ನಂದೇ ತಪ್ಪಿರ್ಬೇಕು, ಬರ್ಕೊಳ್ಳಿ," ಎಂದ.

ರೋರಿ ಪಲ್ಟಿ ಹೊಡೆದು ಬಿದ್ದ ಚಂದಕ್ಕೆ ತಾನು ನಕ್ಕು, ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟಿದ್ದು ಮಾರ್ಲಿಸ್‌ಗೆ ಬೇರೆ ಯಾರದೋ ಕೈಗಳ ಹಾಗೆ ನೆನಪಾಯಿತು. ಅಳು ಬರಲಿಲ್ಲ. ಏನೂ ಬರಲಿಲ್ಲ. ಗಾಳಿಗೆ ಹಾರಿಹೋಗದಿರಲೆಂದು ಬೆಳಿಗ್ಗೆಯೇ ತೊಡೆಯಡಿ ಇಟ್ಟುಕೊಂಡಿದ್ದ ಬಾವುಟದ ಕೋಲು ಮಾತ್ರ ಒತ್ತುತ್ತಿತ್ತು. ಪೊಲೀಸಿನವನು ಪೆನ್ನಿನ ಮುಚ್ಚಳ ತೆಗೆದ. ಆಗ ಅವಳು ಎದ್ದು, ಸೀಟು ಎಲ್ಲರಿಗೂ ಕಾಣುವಂತೆ ಪಕ್ಕಕ್ಕೆ ಸರಿದು ನಿಂತಳು.