ಸೋಬಾನ ನಡುವೆ ನಿಲ್ಲಿಸಬಾರದು

ಈಗಲೂ ಯಾರ ಮದುವೆಯಲ್ಲಾದರೂ ಕಲಸಿದ ಅರಿಶಿನದ ವಾಸನೆ ಬಂದರೆ ನನ್ನ ಕೆನ್ನೆ ಬಿಗಿಯುತ್ತದೆ.

ಅಂದು ಮಧ್ಯಾಹ್ನ ಸಿದ್ದಾಪುರದ ನಮ್ಮ ಮನೆಯ ಅಂಗಳದಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿದ್ದರು. ನಾನಾಗ ಏಳನೇ ತರಗತಿಯಲ್ಲಿದ್ದೆ. ಅವ್ವ ನನ್ನ ಕೆನ್ನೆಗೆ ಅರಿಶಿನ ಹಚ್ಚುತ್ತಿದ್ದಳು. ಎದುರಿಗೆ ಊರಿನ ಐದಾರು ಮುದುಕಿಯರು ಸೋಬಾನ ಹಾಡುತ್ತಿದ್ದರು. ಅಜ್ಜಿ ಒಂದು ಸಾಲು ಹೇಳಿದರೆ ಉಳಿದವರು ಕಣ್ಣು ಮುಚ್ಚಿಕೊಂಡೇ ಅದನ್ನು ತಿರುಗಿ ಹಾಡುವರು. ಎಷ್ಟೋ ವರ್ಷಗಳ ರೂಢಿ ಅದು. ಹೆತ್ತ ಮಗನಾದರೂ ಅಪ್ಪನ ಎದುರು ಮಾತ್ರ ಅಜ್ಜಿ ಎಂದೂ ತುಟಿ ಬಿಚ್ಚಿದವಳಲ್ಲ.

ಶಿವ, ಗೌರಿಯರ ಹೆಸರುಗಳು ಮುಗಿದವು. ಅಜ್ಜಿ ಅದೇ ರಾಗದಲ್ಲಿ ಎಳೆದಳು: “ಹದಿಮೂರು ತುಂಬಿಲ್ಲ, ಮಣಿಮ್ಯಾಲ ಕುಂತಾಳ, ಸೋಬಾನ.”

ಮುದುಕಿಯರೆಲ್ಲ ಅದನ್ನೇ ಗಟ್ಟಿಯಾಗಿ ಹಾಡಿಬಿಟ್ಟರು. ಹಾಡಿದ ಮೇಲೆ ಕಣ್ಣು ಬಿಟ್ಟರು. ಗಂಡಿನ ಕಡೆಯವರ ಚಹಾದ ಲೋಟಗಳು ಬಾಯಿಯ ಹತ್ತಿರವೇ ನಿಂತವು. ಅಜ್ಜಿಗೆ ತಲೆ ಕೆಟ್ಟಿತೆಂದೇ ನಾನು ಹೆದರಿದೆ.

“ಅವ್ವಾ, ಬಾಯಿ ಮುಚ್ಚು!” ಅಪ್ಪ ಚೀರಿದ.

“ಸೋಬಾನ ನಡುವ ನಿಲ್ಲಿಸಬಾರದಪ್ಪಾ, ಅಪಶಕುನ ಆಕ್ಕೈತಿ,” ಎಂದ ಅಜ್ಜಿ ತಣ್ಣಗೆ ಮುಂದಿನ ಸಾಲು ತೆಗೆದಳು: “ಪಾಟಿಚೀಲ ಕಸಗೊಂಡು ಅರಿಶಿಣ ಹಚ್ಚೀರಿ, ಸೋಬಾನ.”

ಈ ಸಲ ಮುದುಕಿಯರು ಅಪ್ಪನನ್ನೇ ನೋಡುತ್ತ ಹಾಡಿದರು. ಅವರ ಜೊತೆ ನನ್ನ ಕಿವಿಯ ಹತ್ತಿರವೇ ಇನ್ನೊಂದು ದನಿ ಕೇಳಿಸಿತು. ಬೆಚ್ಚಿ ತಿರುಗಿದೆ. ಅವ್ವ ಹಾಡುತ್ತಿದ್ದಳು. ಹಾಡುತ್ತಲೇ ಸೆರಗಿನಿಂದ ನನ್ನ ಕೆನ್ನೆ ಒರೆಸುತ್ತಿದ್ದಳು. ಗಂಡಿನ ಕಡೆಯವರು ಲೋಟ ಕೆಳಗಿಟ್ಟು ಒಬ್ಬೊಬ್ಬರಾಗಿ ಎದ್ದು ಹೋದರು.

ಅರಿಶಿನ ಆಗಲೇ ಒಣಗಿತ್ತು, ಎಷ್ಟು ಉಜ್ಜಿದರೂ ಹೋಗಲಿಲ್ಲ. ಮರುದಿನ ಹಳದಿ ಮುಖದಲ್ಲೇ ಶಾಲೆಗೆ ಹೋದೆ.