ಎಡಗಡೆಯ ಖಾಲಿ ಜಾಗ

ಫೋಟೊ ಕೊಳ್ಳುವ ವೆಬ್‌ಸೈಟಿನವರು ಮಂದಾಕಿನಿಯ ಗಂಡ ತೆಗೆದಿದ್ದ ಪಿಕಳಾರ ಹಕ್ಕಿಯ ಮರಿಗಳ ಚಿತ್ರವನ್ನು ಮತ್ತೆ ತಿರಸ್ಕರಿಸಿದ್ದರು. ಎಲೆ ಅಡ್ಡ ಬಂದಿದೆ, ಮರಿಗಳ ಕಣ್ಣು ಮಸುಕಾಗಿದೆ, ಇಂಥವು ನಮ್ಮಲ್ಲಿ ಬೇಕಾದಷ್ಟಿವೆ ಎಂದು ಬರೆದಿದ್ದರು. ಮರುದಿನ ಬೆಳಿಗ್ಗೆ ಗಂಡ ಕತ್ತರಿ ಹಿಡಿದು, ಹಿತ್ತಲಿನ ದಾಸವಾಳದ ಗಿಡದಲ್ಲಿ ಗೂಡಿನ ಸುತ್ತಲಿದ್ದ ಎಲೆಗಳನ್ನೆಲ್ಲ ಸವರಿಬಿಟ್ಟ. ಮರಿಗಳು ಬೆದರಿಯಾವೆಂದು ಆ ಕಡೆಯ ತಂತಿಯ ಮೇಲೆ ಬಟ್ಟೆ ಹರವುವುದನ್ನೂ ಬಿಟ್ಟಿದ್ದಳು ಮಂದಾಕಿನಿ.

“ಪಾಪ, ಅವಕ್ಕೆ ಮರೆಯೇ ಇಲ್ವಲ್ರೀ?”

“ಫೋಟೊ ಆದ್ಮೇಲೆ ನಾನೇ ಏನಾದ್ರೂ ಮರೆ ಕಟ್ತೀನಿ, ಸುಮ್ನಿರು.”

ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾದೊಳಗೆ ಅವಳು ಇಣುಕಿದಳು. ಗೂಡು ಬಲಗಡೆಯ ಅಂಚಿಗಿತ್ತು.

“ಎಡಗಡೆ ಇಷ್ಟೊಂದು ಖಾಲಿ ಯಾಕ್ರೀ?”

“ಅದು ಕಾಂಪೊಸಿಷನ್ನು. ನಿಂಗೆ ಗೊತ್ತಾಗಲ್ಲ.”

ಅವಳು ತರಕಾರಿ ತಂದು ಹಿತ್ತಲಿಗೆ ಬರುವಷ್ಟರಲ್ಲಿ ಗೂಡು ಬರಿದಾಗಿತ್ತು. ತಾಯಿ ಹಕ್ಕಿ ಕೊಕ್ಕಿನಲ್ಲಿ ಹುಳು ಕಚ್ಚಿಕೊಂಡು ತಂತಿಯ ಮೇಲೆ ಅತ್ತಿತ್ತ ಕುಪ್ಪಳಿಸುತ್ತಿತ್ತು. ಗಂಡ ಕ್ಯಾಮೆರಾದ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದ.

“ಅಯ್ಯೋ, ಕಾಗೆ ಬಂದಿತ್ತಾ? ಇಲ್ಲೇ ಇದ್ದೂ ಒಂದು ಕಲ್ಲಾದ್ರೂ ಬೀಸ್ಬಾರ್ದಿತ್ತೇನ್ರೀ?”

“ಬೀಸೋದಾ? ಬೆಳಗ್ಗೆಯಿಂದ ಕಾದಿದ್ದೇ ಅದಕ್ಕೆ ಕಣೇ!”

ಅವನು ಕ್ಯಾಮೆರಾದ ಪರದೆಯನ್ನು ಅವಳತ್ತ ತಿರುಗಿಸಿದ. ಎಡಗಡೆಯ ಖಾಲಿ ಜಾಗದ ತುಂಬ ಕಾಗೆಯಿತ್ತು. ಅದರ ಕೊಕ್ಕಿನಲ್ಲಿದ್ದ ಮರಿಯ ಕಣ್ಣು ಈ ಸಲ ಒಂದಿಷ್ಟೂ ಮಸುಕಾಗಿರಲಿಲ್ಲ.