ಕೆಂಪು ಕೊಡೆ

ಕುವೈತ್‌ನ ಸಬ್ಹಾನ್ ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸ ಮಾಡುವ ಗೋದಾಮಿನೆದುರು ಲಾರಿಯ ಬ್ರೇಕ್ ಸುಟ್ಟ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಎಡಗೆನ್ನೆಗೆ ಹೋಗುತ್ತದೆ.

ನನಗಾಗ ಎಂಟು ವರ್ಷ. ಕುವೈತ್‌ನಿಂದ ರಜೆಗೆ ಊರಿಗೆ ಹೋದಾಗ ಅಪ್ಪ ಒಂದು ಮಧ್ಯಾಹ್ನ ನನ್ನನ್ನು ಘಟ್ಟಕ್ಕೆ ಕರೆದೊಯ್ದರು. ಗೂಡ್ಸ್ ರೈಲುಗಳ ಫೋಟೋ ತೆಗೆಯುವುದು ಅವರ ಹುಚ್ಚು. ಹಳಿಯ ಪಕ್ಕದ ಬಂಡೆಯ ಮೇಲೆ ನನ್ನನ್ನು ನಿಲ್ಲಿಸಿ, ಕುವೈತ್‌ನಲ್ಲಿ ನಮ್ಮ ಮನೆಯಿದ್ದ ಸಾಲ್ಮಿಯಾದಲ್ಲಿ ಕೊಂಡಿದ್ದ ಕೆಂಪು ಕೊಡೆಯನ್ನು ಕೈಗಿತ್ತರು. ಅದರ ಪ್ಲಾಸ್ಟಿಕ್ ಹಿಡಿ ಬಿಸಿಲಿಗೆ ಅಂಟುತ್ತಿತ್ತು.

"ಹಸಿರಿನಲ್ಲಿ ಎದ್ದು ಕಾಣ್ತದೆ. ರೈಲು ಬರುವಾಗ ಜೋರು ಬೀಸು ಮಗಾ."

ಬೀಸಿದೆ. ಅಪ್ಪ ಫೋಟೋ ಕ್ಲಿಕ್ಕಿಸಿದರು. ಕೆಂಪು ಕಂಡ ಡ್ರೈವರ್ ಇಳಿಜಾರಿನಲ್ಲೇ ಬ್ರೇಕ್ ಹಾಕಿದ. ವ್ಯಾಗನ್‌ಗಳು ಒಂದಕ್ಕೊಂದು ಗುದ್ದಿಕೊಂಡವು, ಚಕ್ರಗಳಡಿ ಕಿಡಿ ಹಾರಿತು, ಹೊಗೆ ಎದ್ದಿತು. ರೈಲು ನಮ್ಮನ್ನು ದಾಟಿ ನಿಲ್ಲುವಾಗ ಕೊನೆಯ ಡಬ್ಬಿಯಿಂದ ಗಾರ್ಡ್ ನಮ್ಮೆದುರಿಗೇ ಜಲ್ಲಿಯ ಮೇಲೆ ಬಿದ್ದರು. ಹಣೆ ಒಡೆದು ಅವರ ಬಿಳಿ ಅಂಗಿ ರಕ್ತದಲ್ಲಿ ನೆನೆಯಿತು.

ಹಳಿ ಕಾಯುವವನು ಓಡಿ ಬಂದು ಅಪ್ಪನ ಕಾಲರ್ ಹಿಡಿದ. "ಕೆಂಪು ಬೀಸಿದ್ದು ಯಾರೋ?"

ಅಪ್ಪ ತಿರುಗಿ ನನ್ನ ಕೆನ್ನೆಗೆ ಬಾರಿಸಿದರು. ಹಲ್ಲು ತಾಗಿ ತುಟಿ ಹರಿಯಿತು.

"ಬೀಸ್ಲಿಕ್ಕೆ ಯಾರು ಹೇಳಿದ್ದು ನಿಂಗೆ?"

ಕೊಡೆಯೆತ್ತಿ ನಗುತ್ತಿದ್ದ ನನ್ನ ಆ ಫೋಟೋವನ್ನು ಅಪ್ಪ ಸಾಲ್ಮಿಯಾದ ಮನೆಯ ಹಾಲ್‌ನಲ್ಲಿ ತೂಗುಹಾಕಿದರು. ಬಂದವರಿಗೆಲ್ಲ ತೋರಿಸಿ ಹೇಳುತ್ತಿದ್ದರು:

"ಚಂದ ಬಂದಿದೆ ಅಲ್ವಾ? ಕೊಡೆ ಬೀಸ್ಲಿಕ್ಕೆ ನಾನೇ ಹೇಳಿದ್ದು."